ಕುಂಬಳಕಾಯಿ ಮತ್ತು ಪೇರಲ ಹಣ್ಣಿನ ಗಟ್ಟಿ ಸೂಪು: ಮನೆಯಲ್ಲಿ ತಯಾರಿಸುವ ಕ್ರಮ

ಮುಂಗಾರು ಮಳೆ ಹಿಂಜರಿದು ಮಹಾನವಮಿ ಸಮೀಪಿಸುತ್ತಿದ್ದಂತೆ ಬೆಳಗಾವಿಯ ಪೇಟೆಗೆ ಮೂರು ಪದಾರ್ಥಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದು ಸೇರುತ್ತವೆ. ಅವು ಬಲಿತ ಸಿಹಿಗುಂಬಳಕಾಯಿ, ಹೊಸ ಗೆಣಸು ಮತ್ತು ಪೇರಲ ಹಣ್ಣು. ಬೆಳಗಾವಿ ಮತ್ತು ಖಾನಾಪುರ ತಾಲ್ಲೂಕುಗಳ ಗೆಣಸಿಗೆ ದೂರದ ದಿಲ್ಲಿಯವರೆಗೂ ಬೇಡಿಕೆಯಿರುವುದರಿಂದ ಅದು ಲಾರಿ ಏರಿ ಹೊರಟುಹೋಗುತ್ತದೆ. ಪೇರಲ ಹಣ್ಣನ್ನು ಮಕ್ಕಳು ಕಚ್ಚಿ ತಿಂದು ಮುಗಿಸುತ್ತಾರೆ. ಕೊನೆಗೆ ಉಳಿಯುವುದು ಕುಂಬಳಕಾಯಿ.

ಐದು ಕಿಲೋ ತೂಗುವ ಕಾಯಿಯನ್ನು ಐದಾರು ಜನರ ಮನೆಯಲ್ಲಿ ಒಮ್ಮೆ ಒಡೆದರೆ ಮೊದಲ ದಿನ ಪಲ್ಯ, ಮರುದಿನ ಗಾರಿಗೆ ಆಗುತ್ತದೆ. ಮೂರನೆಯ ದಿನಕ್ಕೆ ಉಳಿದ ಹೋಳು ಲೋಳೆಗಟ್ಟಿ ತಿಪ್ಪೆ ಸೇರುತ್ತದೆ. ವ್ಯಾಪಾರಿಗಳು ಗಾಯವಾದ ಕಾಯಿಯನ್ನೂ ಸಣ್ಣ ಕಾಯಿಯನ್ನೂ ಬದಿಗಿಡುವುದರಿಂದ ಅವು ಸಹ ಬೆಳೆದವರ ಮನೆಯಲ್ಲಿಯೇ ಉಳಿದು ಕೊಳೆಯುತ್ತವೆ. ಕಣ್ಣಿಗೆ ಹಿತವಾದ ಕ್ಯಾರೋಟಿನ್ ಅಂಶವುಳ್ಳ ತರಕಾರಿ ಹೀಗೆ ಹಾಳಾಗುತ್ತಿರುವಾಗ ಅದೇ ಮನೆಯ ಮಕ್ಕಳು ಕುಂಬಳಕಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುವುದೂ ಉಂಟು. ಈ ಮೂರು ಪದಾರ್ಥಗಳನ್ನು ಕೂಡಿಸಿ ಕೆನೆಯಂತೆ ನುಣುಪಾದ ಗಟ್ಟಿ ಸೂಪು ತಯಾರಿಸುವುದು ಕಷ್ಟದ ಕೆಲಸವಲ್ಲ. ಇದಕ್ಕೆ ಪೇಟೆಯ ಕೆನೆಯ ಡಬ್ಬಿಯೂ ಬೇಕಿಲ್ಲ. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಕೊನೆಗೆ ಹಾಕಬೇಕು ಎಂಬ ಕ್ರಮವನ್ನು ತಿಳಿದರೆ ಸಾಕು.

ಪರದೇಶದ ಪದ್ಧತಿ, ನಮ್ಮ ಪದಾರ್ಥ

ಅಮೆರಿಕ ಮತ್ತು ಯುರೋಪಿನ ಶೀತ ದೇಶಗಳಲ್ಲಿ ಶರತ್ಕಾಲದಲ್ಲಿ ಬಟರ್‌ನಟ್ ಎಂಬ ಕುಂಬಳವನ್ನು ಸೇಬಿನೊಂದಿಗೆ ಬೇಯಿಸಿ, ಕೆನೆ ಬೆರೆಸಿ ಸೂಪು ಮಾಡುವ ರೂಢಿಯಿದೆ. ಆಕಾರ ಬೇರೆಯಾದರೂ ಬಟರ್‌ನಟ್ ಕುಂಬಳವೂ ನಮ್ಮ ಹೊಲದ ಸಾಮಾನ್ಯ ಸಿಹಿಗುಂಬಳವೂ ಕುಕುರ್ಬಿಟ ಮೊಸ್ಕಾಟ ಎಂಬ ಒಂದೇ ಜಾತಿಗೆ ಸೇರಿದವು. ಆದ್ದರಿಂದ ಆ ಸೂಪಿಗೆ ಬೇಕಾದ ಮುಖ್ಯ ಪದಾರ್ಥ ನಮ್ಮಲ್ಲಿಯೇ ಇದೆ. ಸೇಬು ಮಾತ್ರ ಕಾಶ್ಮೀರ ಅಥವಾ ಹಿಮಾಚಲ ಪ್ರದೇಶದಿಂದ ಬರಬೇಕು. ಸೇಬು ಆ ಸೂಪಿಗೆ ಕೊಡುವುದು ತುಸು ಹುಳಿ, ತುಸು ಸಿಹಿ ಮತ್ತು ಸುವಾಸನೆ. ಈ ಮೂರನ್ನೂ ಪೇರಲ ಹಣ್ಣೂ ಕೊಡುತ್ತದೆ.

ಕುಂಬಳ, ಗೆಣಸು, ಪೇರಲ ಮೂರೂ ಅಮೆರಿಕ ಖಂಡದ ಮೂಲದವು. ಇವು ಪೋರ್ಚುಗೀಸರ ಕಾಲದಲ್ಲಿ ಭಾರತಕ್ಕೆ ಬಂದವೆಂದು ತಿಳಿಯಲಾಗಿದೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಆ ಗೋವೆಗೆ ಇಂದು ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಗಳ ಮೂಲಕ ಚೋರ್ಲಾ ಘಟ್ಟ ಇಳಿದು ಹೋಗುತ್ತಾರೆ. ದೂರದಿಂದ ಬಂದ ಈ ಬೆಳೆಗಳು ಇಲ್ಲಿನ ಮಣ್ಣಿಗೆ ಎಷ್ಟು ಹೊಂದಿಕೊಂಡಿವೆಯೆಂದರೆ ಇಂದು ಅವನ್ನು ಯಾರೂ ಹೊರಗಿನವೆಂದು ಎಣಿಸುವುದಿಲ್ಲ.

ಕಾಯಿ ಬಲಿತಿರಬೇಕು

ಸೂಪಿನ ಗುಣ ಅರ್ಧದಷ್ಟು ಹೊಲದಲ್ಲಿಯೇ ನಿರ್ಧಾರವಾಗುತ್ತದೆ. ಎಳೆಯ ಕುಂಬಳಕಾಯಿ ಪಲ್ಯಕ್ಕೆ ಚೆನ್ನ. ಸೂಪಿಗೆ ಅದು ಸಲ್ಲದು. ಅದರಲ್ಲಿ ನೀರು ಹೆಚ್ಚು, ಪಿಷ್ಟ ಮತ್ತು ಬಣ್ಣ ಕಡಿಮೆ. ಜೂನ್ ತಿಂಗಳಲ್ಲಿ ಬಿತ್ತಿದ ಬಳ್ಳಿಯ ಕಾಯಿಗಳು ತಳಿಗೆ ಅನುಗುಣವಾಗಿ 100ರಿಂದ 120 ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹೊತ್ತಿಗೆ ಪೂರ್ಣ ಬಲಿಯುತ್ತವೆ. ಬಲಿತ ಕಾಯಿಯ ಗುರುತುಗಳು ಇವು: ತೊಟ್ಟು ಒಣಗಿ ಬಿರುಸಾಗಿರುತ್ತದೆ. ಸಿಪ್ಪೆಗೆ ಉಗುರು ಒತ್ತಿದರೆ ಗೆರೆ ಮೂಡುವುದಿಲ್ಲ. ನೆಲಕ್ಕೆ ತಾಗಿದ ಭಾಗ ಹಳದಿಗೆ ತಿರುಗಿರುತ್ತದೆ.

ಕಾಯಿಯನ್ನು ಬಳ್ಳಿಯಿಂದ ಕಿತ್ತೆಳೆಯಬಾರದು. ನಾಲ್ಕು ಬೆರಳಷ್ಟು ತೊಟ್ಟು ಉಳಿಯುವಂತೆ ಚೂರಿಯಿಂದ ಕತ್ತರಿಸಬೇಕು. ತೊಟ್ಟು ಮುರಿದ ಕಡೆಯಿಂದಲೇ ಕೊಳೆರೋಗ ಒಳಸೇರುತ್ತದೆ. ಕತ್ತರಿಸಿದ ಕಾಯಿಗಳನ್ನು ಗಾಳಿಯಾಡುವ ನೆರಳಿನಲ್ಲಿ ಎಂಟು ಹತ್ತು ದಿನ ಬಿಟ್ಟರೆ ಸಿಪ್ಪೆ ಗಟ್ಟಿಯಾಗಿ ಸಣ್ಣ ಗೀರುಗಳು ಮಾಯುತ್ತವೆ. ಆನಂತರ ಒಣ ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟಲ್ಲಿ ಗಾಯವಿಲ್ಲದ ಕಾಯಿ ಎರಡು ಮೂರು ತಿಂಗಳು ಕೆಡದೆ ಇರುತ್ತದೆ. ಖಾನಾಪುರದ ಪಶ್ಚಿಮ ಭಾಗದಲ್ಲಿ, ಮಲಪ್ರಭಾ ನದಿ ಹುಟ್ಟುವ ಕಣಕುಂಬಿಯ ಕಡೆ, ಮಳೆ ನಿಂತ ಮೇಲೂ ಗಾಳಿಯಲ್ಲಿ ತೇವ ಉಳಿದಿರುತ್ತದೆ. ಅಲ್ಲಿ ಕಾಯಿಯನ್ನು ನೆಲದ ಮೇಲೆ ಇಡದೆ ಅಟ್ಟದ ಮೇಲೆ ಅಥವಾ ಹಲಗೆಯ ಮೇಲೆ ಇಡುವುದು ಲೇಸು. ವಾರಕ್ಕೊಮ್ಮೆ ತಿರುಗಿಸಿ ನೋಡಿ, ಮೆತ್ತಗಾದ ಕಾಯಿಯನ್ನು ಮೊದಲು ತೆಗೆಯಬೇಕು.

ಹೀಗೆ ಇಟ್ಟ ಕಾಯಿಯಲ್ಲಿ ಪಿಷ್ಟವು ಕ್ರಮೇಣ ಸಕ್ಕರೆಯಾಗಿ ಮಾರ್ಪಡುತ್ತದೆ. ಆದ್ದರಿಂದ ಆಗ ತಾನೇ ಕೊಯ್ದ ಕಾಯಿಯ ಸೂಪು ಹೆಚ್ಚು ಗಟ್ಟಿ, ಕಡಿಮೆ ಸಿಹಿ. ತಿಂಗಳು ಇಟ್ಟ ಕಾಯಿಯ ಸೂಪು ಹೆಚ್ಚು ಸಿಹಿ, ತುಸು ತೆಳು. ಮೊದಲನೆಯದಕ್ಕೆ ಗೆಣಸು ಕಡಿಮೆ ಸಾಕು. ಎರಡನೆಯದಕ್ಕೆ ಗೆಣಸನ್ನು ಸ್ವಲ್ಪ ಹೆಚ್ಚಿಸಬೇಕು. ಒಂದೇ ಅಳತೆ ಹಿಡಿದು ಮಾಡಿದರೂ ಒಂದು ಸಲ ಬಂದ ರುಚಿ ಇನ್ನೊಂದು ಸಲ ಬಾರದಿರಲು ಇದೇ ಕಾರಣ.

ಬೆಳಗಾವಿ ನಗರದಲ್ಲಿ ಹೋಳು ಕೊಳ್ಳುವವರು ತಿರುಳಿನ ಬಣ್ಣವನ್ನು ನೋಡಬೇಕು. ಬಣ್ಣ ಗಾಢ ಕೇಸರಿಯಾದಷ್ಟೂ ಕ್ಯಾರೋಟಿನ್ ಹೆಚ್ಚು. ಬೀಜದ ಸುತ್ತಲಿನ ನಾರು ಒದ್ದೆಯಾಗಿ ಜಾರುತ್ತಿದ್ದರೆ ಅದು ಹಳೆಯ ಹೋಳು. ಸ್ವತಃ ಬೆಳೆಯುವವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಎರಡು ತಳಿಗಳು ಗಮನಾರ್ಹವಾಗಿವೆ. ಅರ್ಕಾ ಚಂದನ್ ತಳಿಯ ಕಾಯಿ 2ರಿಂದ 3 ಕಿಲೋ ತೂಗುತ್ತದೆ, ತಿರುಳು ಸುವಾಸನೆಯುಳ್ಳದ್ದು, ಕ್ಯಾರೋಟಿನ್ ಸಮೃದ್ಧವಾದದ್ದು. ಅರ್ಕಾ ಸೂರ್ಯಮುಖಿಯ ಕಾಯಿ ಸುಮಾರು ಒಂದು ಕಿಲೋ ತೂಕದ್ದು. ಒಂದೇ ಹೊತ್ತಿನ ಅಡಿಗೆಗೆ ಒಂದು ಕಾಯಿ ಮುಗಿಯುವುದರಿಂದ ಚಿಕ್ಕ ಕುಟುಂಬಕ್ಕೆ ಹೋಳು ಕೆಡುವ ಚಿಂತೆಯೇ ಇರುವುದಿಲ್ಲ.

ಕಹಿ ಪರೀಕ್ಷೆ ತಪ್ಪಿಸಕೂಡದು

ಕಾಯಿ ಒಡೆದ ಕೂಡಲೇ ಹಸಿ ತಿರುಳಿನ ಒಂದು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಬೇಕು. ಕಹಿ ಎನಿಸಿದರೆ ಉಗುಳಿ, ಬಾಯಿ ತೊಳೆದು, ಇಡೀ ಕಾಯಿಯನ್ನು ಮಣ್ಣಿನಲ್ಲಿ ಹೂಳಬೇಕು. ದನಕ್ಕೂ ಹಾಕಕೂಡದು. ಕುಂಬಳ ಜಾತಿಯ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ವಿಷ ಉತ್ಪತ್ತಿಯಾಗುತ್ತದೆ. ಇದು ಬೇಯಿಸಿದರೆ ಹೋಗುವುದಿಲ್ಲ. ಬೆಲ್ಲ ಹಾಕಿದರೆ ಕಹಿ ಮರೆಯಾಗಬಹುದು, ವಿಷ ಮರೆಯಾಗದು. ವಾಂತಿ, ಭೇದಿ, ಹೊಟ್ಟೆನೋವು ಇದರ ಲಕ್ಷಣಗಳು. ಇದೇ ವಿಷವುಳ್ಳ ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಸೂಪಿನಲ್ಲಿ ಹಣ್ಣಿನ ಸಿಹಿ ಬೆರೆಯುವುದರಿಂದ ಕಹಿ ಗೊತ್ತಾಗದೆ ಹೋಗುವ ಸಂಭವ ಹೆಚ್ಚು. ಆದ್ದರಿಂದ ಪರೀಕ್ಷೆಯನ್ನು ಹಸಿ ತಿರುಳಿನಲ್ಲಿಯೇ ಮಾಡಬೇಕು.

ಹಾಗಲ ಬಳ್ಳಿಯ ಪಕ್ಕದಲ್ಲಿ ಬೆಳೆದರೆ ಕುಂಬಳ ಕಹಿಯಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಇದು ಸರಿಯಲ್ಲ. ಹಾಗಲವೂ ಕುಂಬಳವೂ ಬೇರೆ ಬೇರೆ ಕುಲದ ಸಸ್ಯಗಳು, ಅವು ಒಂದಕ್ಕೊಂದು ಸಂಕರಗೊಳ್ಳುವುದಿಲ್ಲ. ಆದರೆ ತಾನಾಗಿ ಹುಟ್ಟಿದ ಕಾಡುಕುಂಬಳದ ಅಥವಾ ಅಲಂಕಾರಕ್ಕೆ ಬೆಳೆಸುವ ಕುಂಬಳದ ಪರಾಗವನ್ನು ಜೇನುನೊಣಗಳು ತಂದಲ್ಲಿ ಆ ವರ್ಷದ ಕಾಯಿ ಸಿಹಿಯಾಗಿಯೇ ಇದ್ದು, ಅದರ ಬೀಜದಿಂದ ಮುಂದಿನ ವರ್ಷ ಬಂದ ಕಾಯಿ ಕಹಿಯಾಗಬಹುದು. ಆದ್ದರಿಂದ ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿಯನ್ನು ಪರೀಕ್ಷಿಸದೆ ಅಡಿಗೆಗೆ ಉಪಯೋಗಿಸಬಾರದು.

ಬೇಕಾಗುವ ಪದಾರ್ಥಗಳು

ಆರು ಜನರಿಗೆ ತಲಾ ಒಂದು ಬಟ್ಟಲಿನಂತೆ ಈ ಕೆಳಗಿನ ಅಳತೆ ಸಾಕಾಗುತ್ತದೆ.

ಸಿಪ್ಪೆ, ಬೀಜ ತೆಗೆದ ಬಲಿತ ಕುಂಬಳಕಾಯಿ: 600 ಗ್ರಾಂ
ಗೆಣಸು: 150 ಗ್ರಾಂ
ಚೆನ್ನಾಗಿ ಹಣ್ಣಾದ ಪೇರಲ: ಮಧ್ಯಮ ಗಾತ್ರದವು 2
ಉಳ್ಳಾಗಡ್ಡಿ: 1
ಹಸಿ ಶುಂಠಿ: ಅರ್ಧ ಅಂಗುಲದ ತುಂಡು
ತುಪ್ಪ ಅಥವಾ ಶೇಂಗಾ ಎಣ್ಣೆ: 1 ದೊಡ್ಡ ಚಮಚ
ಕಾಯಿಸಿದ ಹಾಲು: 250 ಮಿಲಿಲೀಟರ್
ನೀರು: ಸುಮಾರು 500 ಮಿಲಿಲೀಟರ್
ಜೀರಿಗೆ: ಅರ್ಧ ಚಿಕ್ಕ ಚಮಚ
ಕರಿಮೆಣಸಿನ ಪುಡಿ: ಕಾಲು ಚಿಕ್ಕ ಚಮಚ
ಉಪ್ಪು: ಒಂದು ಚಿಕ್ಕ ಚಮಚ, ನಂತರ ರುಚಿ ನೋಡಿ

ಪೇರಲ ಹಣ್ಣು ಯಾವ ತಳಿಯದಾದರೂ ಆದೀತು. ಪುಣೆಯ ಗಣೇಶಖಿಂಡದ ಕೇಂದ್ರದಲ್ಲಿ ಆಯ್ಕೆ ಮಾಡಿದ, ಸರದಾರ್ ಎಂದೂ ಕರೆಯುವ ಲಖನೌ-49 ತಳಿಯ ಬಿಳಿ ತಿರುಳಿನ ಹಣ್ಣು ಸೂಪಿನ ಕೇಸರಿ ಬಣ್ಣವನ್ನು ಕೆಡಿಸುವುದಿಲ್ಲ. ಕೆಂಪು ತಿರುಳಿನ ಹಣ್ಣು ಬಣ್ಣವನ್ನು ಇನ್ನಷ್ಟು ಗಾಢಗೊಳಿಸುತ್ತದೆ. ಕಾಯಿಗಟ್ಟಿಯಾದ ಪೇರಲ ಮಾತ್ರ ಬೇಡ. ಅದರಲ್ಲಿನ ಒಗರು ಹಾಲಿಗೆ ಹೊಂದುವುದಿಲ್ಲ. ಮಳೆಗಾಲದ ಪೇರಲದಲ್ಲಿ ಹಣ್ಣಿನ ನೊಣದ ಹುಳುಗಳಿರುವ ಸಂಭವ ಹೆಚ್ಚಾದ್ದರಿಂದ ಪ್ರತಿ ಹಣ್ಣನ್ನೂ ಹೋಳು ಮಾಡಿ ನೋಡಿಯೇ ಉಪಯೋಗಿಸಬೇಕು.

ತಯಾರಿಸುವ ವಿಧಾನ

ಮೊದಲನೆಯ ಹಂತ, ಬೇಯಿಸುವುದು: ದಪ್ಪ ತಳದ ಪಾತ್ರೆಯಲ್ಲಿ ತುಪ್ಪ ಕಾಯಿಸಿ, ಜೀರಿಗೆ ಹಾಕಿ, ಹೆಚ್ಚಿದ ಉಳ್ಳಾಗಡ್ಡಿ ಮತ್ತು ಜಜ್ಜಿದ ಶುಂಠಿಯನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಬೇಕು. ಉಳ್ಳಾಗಡ್ಡಿ ಕೆಂಪಾಗಬಾರದು. ಅನಂತರ ಕುಂಬಳ ಮತ್ತು ಗೆಣಸಿನ ಹೋಳುಗಳನ್ನು ಹಾಕಿ ಐದು ನಿಮಿಷ ತಿರುವಬೇಕು. ಈಗ ಕೇವಲ ಒಂದು ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ, ಹೋಳು ಬೆರಳಿನಲ್ಲಿ ಹಿಸುಕಿದರೆ ಕರಗುವಂತೆ ಬೇಯಿಸಬೇಕು. ಸಾಧಾರಣವಾಗಿ 20 ನಿಮಿಷ ಸಾಕು. ಕುಕ್ಕರಿನಲ್ಲಾದರೆ ಒಂದು ಸೀಟಿ ಸಾಕು.

ಇಲ್ಲಿ ಬಹಳ ಮನೆಗಳಲ್ಲಿ ಆಗುವ ತಪ್ಪೆಂದರೆ ಹೋಳು ಮುಳುಗುವಷ್ಟು ನೀರು ಹಾಕಿ ಕುದಿಸುವುದು. ಕುಂಬಳಕಾಯಿಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ ಇದೆ. ಅದು ತನ್ನ ನೀರಿನಲ್ಲಿಯೇ ಬೇಯಬಲ್ಲದು. ಹೆಚ್ಚು ನೀರಿನಲ್ಲಿ ಕುದಿಸಿದರೆ ರುಚಿ ನೀರಿಗೆ ಇಳಿದು ಸೂಪು ಸಪ್ಪೆಯಾಗುತ್ತದೆ, ಗಟ್ಟಿ ಮಾಡಲು ಹಿಟ್ಟು ಕದಡಬೇಕಾಗುತ್ತದೆ. ಒಲೆಯ ಮೇಲೆ ಅಡಿಗೆ ಮಾಡುವವರು ಕಾಯಿಯ ದೊಡ್ಡ ಹೋಳನ್ನು ಸಿಪ್ಪೆಯ ಸಮೇತ ಕೆಂಡದ ಬಳಿ ಸುಟ್ಟು ತಿರುಳನ್ನು ಕೆರೆದು ತೆಗೆಯಬಹುದು. ಹೀಗೆ ಮಾಡಿದಲ್ಲಿ ನೀರು ಆರಿ ಸಿಹಿ ಇನ್ನೂ ಹೆಚ್ಚುತ್ತದೆ.

ಎರಡನೆಯ ಹಂತ, ನುಣುಪು ಮಾಡುವುದು: ಬೆಂದದ್ದನ್ನು ಸ್ವಲ್ಪ ಆರಿಸಿ ಕಡಗೋಲಿನಿಂದ ಕಡೆಯಬೇಕು ಅಥವಾ ಮಿಕ್ಸರಿನಲ್ಲಿ ಅರೆಯಬೇಕು. ಕುದಿಯುತ್ತಿರುವುದನ್ನು ಮಿಕ್ಸರಿಗೆ ಹಾಕಿ ಮುಚ್ಚಳ ಬಿಗಿದರೆ ಹಬೆಯಿಂದ ಮುಚ್ಚಳ ಹಾರಿ ಕೈ ಮುಖ ಸುಡುವ ಅಪಾಯವಿದೆ. ಅರೆದದ್ದನ್ನು ಸಾಣಿಗೆಯ ಮೂಲಕ ಒತ್ತಿ ಸೋಸಿದರೆ ನಾರು ಮೇಲುಳಿದು ಬೆಣ್ಣೆಯಂಥ ರುಬ್ಬು ಕೆಳಗಿಳಿಯುತ್ತದೆ. ಇದಕ್ಕೆ ಉಪ್ಪು ಮತ್ತು ಉಳಿದ ನೀರನ್ನು ಸೇರಿಸಿ ಮತ್ತೆ ಒಂದು ಕುದಿ ಬರಿಸಬೇಕು. ಇದನ್ನು ಮೂಲ ರುಬ್ಬು ಎಂದು ಕರೆಯೋಣ.

ಮೂರನೆಯ ಹಂತ, ಪೇರಲದ ರಸ ತೆಗೆಯುವುದು: ಹಣ್ಣನ್ನು ತೊಳೆದು, ಸಣ್ಣಗೆ ಹೆಚ್ಚಿ, ನಾಲ್ಕು ಚಮಚ ಕಾಯಿಸಿ ಆರಿಸಿದ ನೀರು ಹಾಕಿ ಕೈಯಿಂದ ಹಿಸುಕಿ ಸಾಣಿಗೆಯಲ್ಲಿ ಸೋಸಬೇಕು. ಬೀಜ ಸಮೇತ ಮಿಕ್ಸರಿಗೆ ಹಾಕಬಾರದು. ಪೇರಲದ ಬೀಜ ಬಹಳ ಗಟ್ಟಿ. ಒಡೆದ ಬೀಜದ ಚೂರು ಸಾಣಿಗೆಯಿಂದಲೂ ಇಳಿದು ಮರಳು ಕಡಿದಂತಾಗುತ್ತದೆ.

ನಾಲ್ಕನೆಯ ಹಂತ, ಕೂಡಿಸುವುದು: ಮೂಲ ರುಬ್ಬನ್ನು ಒಲೆಯಿಂದ ಕೆಳಗಿಳಿಸಿ ಕುದಿ ನಿಲ್ಲುವವರೆಗೆ ಕಾಯಬೇಕು. ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕಡಗೋಲಿನಿಂದ ತಿರುವಬೇಕು. ಹಾಲು ಪೂರ್ಣ ಬೆರೆತ ನಂತರ ಕೊನೆಗೆ ಪೇರಲದ ರಸವನ್ನು ತೆಳುವಾದ ಧಾರೆಯಾಗಿ ಹಾಕಿ ಕಲಸಬೇಕು. ಕರಿಮೆಣಸಿನ ಪುಡಿ ಉದುರಿಸಿ ಕೂಡಲೇ ಬಡಿಸಬೇಕು. ಈ ಹಂತದ ನಂತರ ಸೂಪನ್ನು ಮತ್ತೆ ಕುದಿಸಕೂಡದು.

ಹಾಲು ಏಕೆ ಒಡೆಯುತ್ತದೆ?

ಹಣ್ಣಿನ ಹುಳಿಯೂ ಹಾಲೂ ಕೂಡಿದರೆ ಹಾಲು ಒಡೆಯುವುದೆಂಬ ಅಂಜಿಕೆಯಿಂದಲೇ ಅನೇಕರು ಇಂಥ ಅಡಿಗೆಗೆ ಕೈಹಾಕುವುದಿಲ್ಲ. ಹಾಲನ್ನು ಬಿಗಿಹಿಡಿದಿರುವ ಕೇಸಿನ್ ಎಂಬ ಸಸಾರಜನಕವು ಆಮ್ಲಸೂಚ್ಯಂಕ 4.6ಕ್ಕೆ ಇಳಿದಾಗ ತಣ್ಣನೆಯ ಹಾಲಿನಲ್ಲಿಯೂ ಗಟ್ಟಿಗಟ್ಟುತ್ತದೆ. ಮೊಸರು ಹೆಪ್ಪುಗಟ್ಟುವುದು ಹೀಗೆಯೇ. ಹಾಲು ಬಿಸಿಯಾಗಿದ್ದಲ್ಲಿ ಇದಕ್ಕಿಂತ ಕಡಿಮೆ ಹುಳಿಗೂ ಒಡೆಯುತ್ತದೆ. ಎಂದರೆ ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ಹೆಚ್ಚಾಗದಂತೆ ನೋಡಿಕೊಂಡರೆ ಕೆಲಸ ಸುಲಭ.

ಮೇಲೆ ಹೇಳಿದ ಕ್ರಮದಲ್ಲಿ ಮೂರು ರಕ್ಷಣೆಗಳಿವೆ. ಹಾಲು ಮೊದಲು ದೊಡ್ಡ ಪ್ರಮಾಣದ ರುಬ್ಬಿನಲ್ಲಿ ಸೇರುವುದರಿಂದ ಹಣ್ಣಿನ ಹುಳಿ ಒಂದೇ ಕಡೆ ತಾಗದೆ ಹಂಚಿಹೋಗುತ್ತದೆ. ಗೆಣಸಿನ ಪಿಷ್ಟವು ಹಾಲಿನ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಒಲೆಯಿಂದ ಇಳಿಸಿದ ನಂತರ ಹಣ್ಣು ಹಾಕುವುದರಿಂದ ಬಿಸಿಯೂ ಇಳಿದಿರುತ್ತದೆ. ಗೆಣಸನ್ನು ಸೇರಿಸುವುದು ಕೇವಲ ಗಟ್ಟಿತನಕ್ಕಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗೆಣಸು ಸಿಗದಿದ್ದಾಗ ಎರಡು ಚಿಕ್ಕ ಚಮಚ ಅಕ್ಕಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೂಲ ರುಬ್ಬಿನೊಂದಿಗೆ ಕುದಿಸಿದರೂ ಇದೇ ಉಪಯೋಗ ಆಗುತ್ತದೆ. ಇಷ್ಟಾಗಿಯೂ ಸೂಪು ಒಡೆದರೆ ಅದನ್ನು ಚೆಲ್ಲಬೇಕಾಗಿಲ್ಲ. ನೋಟ ಕೆಟ್ಟಿರುತ್ತದೆ, ಪೌಷ್ಟಿಕಾಂಶ ಕೆಟ್ಟಿರುವುದಿಲ್ಲ.

ಖಾನಾಪುರದ ಕಡೆ ತೆಂಗು ಬಳಸುವ ಮನೆಗಳಲ್ಲಿ ಹಾಲಿಗೆ ಬದಲು ಅಷ್ಟೇ ಪ್ರಮಾಣದ ತೆಂಗಿನ ಹಾಲನ್ನು ಹಾಕಬಹುದು. ಇದು ಹುಳಿಗೆ ಬೇಗ ಒಡೆಯುವುದಿಲ್ಲವಾದ್ದರಿಂದ ಹೊಸದಾಗಿ ಕಲಿಯುವವರಿಗೆ ಅನುಕೂಲ. ಹುಳಿ ಸಾಲದೆಂದು ಕಂಡಲ್ಲಿ ಒಣ ಮುರುಗಲ ಸಿಪ್ಪೆಯ ಒಂದು ಎಸಳನ್ನು ನೆನೆಸಿದ ನೀರನ್ನು ಒಂದು ಚಮಚ ಸೇರಿಸಬಹುದು. ಶೇಂಗಾ ಬೆಳೆಯುವ ಬಯಲು ಸೀಮೆಯವರು ಹುರಿದು ಸಿಪ್ಪೆ ತೆಗೆದ ಎರಡು ದೊಡ್ಡ ಚಮಚ ಶೇಂಗಾವನ್ನು ನುಣ್ಣಗೆ ಅರೆದು ಹಾಕಬಹುದು. ಇದರಿಂದ ಸಸಾರಜನಕವೂ ದೊರೆಯುತ್ತದೆ. ಬೂಸ್ಟು ಹಿಡಿದ ಶೇಂಗಾ ಮಾತ್ರ ಸರ್ವಥಾ ಉಪಯೋಗಿಸಬಾರದು.

ಪಾತ್ರೆಯ ವಿಷಯದಲ್ಲಿಯೂ ಒಂದು ಮಾತು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗೆ ಹಣ್ಣಿನ ಹುಳಿ ತಾಗಬಾರದು. ಖಾನಾಪುರದ ಕುಂಬಾರಿಕೆ ಹೆಸರಾದದ್ದು. ಬಣ್ಣದ ಹೊಳಪು ಲೇಪವಿಲ್ಲದ ಮಣ್ಣಿನ ಗಡಿಗೆ ಈ ಅಡಿಗೆಗೆ ಬಹಳ ಯೋಗ್ಯ. ಅದರಲ್ಲಿ ಬಿಸಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದರಿಂದ ತಳ ಹಿಡಿಯುವುದು ಕಡಿಮೆ.

ಬೇರೆ ಹಣ್ಣುಗಳನ್ನು ಬಳಸುವಾಗ

ಪೇರಲ ಸಿಗದಾಗ ಬೇರೆ ಹಣ್ಣನ್ನು ಹಾಕಬಹುದೇ ಎಂಬ ಪ್ರಶ್ನೆ ಸಹಜ. ಚೆನ್ನಾಗಿ ಮಾಗಿದ ಬಾಳೆಹಣ್ಣು ಅರ್ಧ ಸಾಕು. ಅದು ಹುಳಿ ಕೊಡುವುದಿಲ್ಲ, ನುಣುಪು ಕೊಡುತ್ತದೆ. ಅನಾನಸ್ ಹಣ್ಣನ್ನು ಹಸಿಯಾಗಿ ಹಾಲಿಗೆ ಬೆರೆಸಕೂಡದು. ಅದರಲ್ಲಿನ ಕಿಣ್ವವು ಹಾಲಿನ ಸಸಾರಜನಕವನ್ನು ಒಡೆದು ಕಹಿ ಮಾಡುತ್ತದೆ. ಬೇಯಿಸಿದರೆ ಈ ಕಿಣ್ವ ನಾಶವಾಗುತ್ತದೆ, ಆದರೆ ಹುಳಿ ಉಳಿದಿರುವುದರಿಂದ ಅನಾನಸ್ ಹಾಕಿದ ಸೂಪಿಗೆ ತೆಂಗಿನ ಹಾಲೇ ಸರಿ.

ಇದೇ ಕಾಲದಲ್ಲಿ ಬರುವ ಸೀತಾಫಲದ ತಿರುಳು ತಾನೇ ಕೆನೆಯಂತಿರುತ್ತದೆ. ಆದರೆ ಅದನ್ನು ಬಿಸಿ ಮಾಡಿದರೆ ಕಹಿಯಾಗುವ ಗುಣವುಂಟು. ಹಾಕುವುದಾದರೆ ಸೂಪು ಉಗುರುಬೆಚ್ಚಗಾದ ನಂತರ ಬಟ್ಟಲಿನಲ್ಲಿ ಹಾಕಬೇಕು. ಅದರ ಬೀಜಗಳನ್ನು ಒಡೆಯದಂತೆ ಒಂದೊಂದಾಗಿ ತೆಗೆಯಬೇಕು. ಸೀತಾಫಲದ ಬೀಜದ ಪುಡಿ ಕೀಟನಾಶಕವಾಗಿ ಬಳಕೆಯಲ್ಲಿರುವಂಥದು, ಕಣ್ಣಿಗೆ ಬಿದ್ದರೆ ಅಪಾಯ.

ಆಹಾರ ದೃಷ್ಟಿಯಿಂದ ಇದರ ಮಹತ್ವ

ಕುಂಬಳದ ಕೇಸರಿ ಬಣ್ಣಕ್ಕೆ ಕಾರಣವಾದ ಕ್ಯಾರೋಟಿನ್ ಶರೀರದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಇದರ ಕೊರತೆಯಿಂದ ಮಕ್ಕಳಿಗೆ ಮೊದಲು ಇರುಳುಗುರುಡು ಬರುತ್ತದೆ. ಸಂಜೆಯಾದೊಡನೆ ಮಗು ಎಡವುವುದು, ತಟ್ಟೆಯಲ್ಲಿನ ಪದಾರ್ಥವನ್ನು ತಡವುವುದು ಇದರ ಸೂಚನೆ. ಅಲಕ್ಷ್ಯ ಮಾಡಿದಲ್ಲಿ ಕಣ್ಣೇ ಹೋಗಬಹುದು. ಕ್ಯಾರೋಟಿನ್ ಸಾಧಾರಣ ಬೇಯಿಸುವಿಕೆಯಿಂದ ಹೆಚ್ಚು ನಾಶವಾಗುವುದಿಲ್ಲ. ಬೆಂದು ಅರೆದ ತಿರುಳಿನಿಂದ ಅದು ಶರೀರಕ್ಕೆ ಇನ್ನೂ ಸುಲಭವಾಗಿ ಸಿಗುತ್ತದೆ. ಆದರೆ ಅದು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವಂಥದು. ಜಿಡ್ಡು ಇಲ್ಲದೆ ಬೇಯಿಸಿದ ಕುಂಬಳದಿಂದ ಪೂರ್ಣ ಪ್ರಯೋಜನ ದೊರೆಯುವುದಿಲ್ಲ. ಸೂಪಿನಲ್ಲಿರುವ ಒಂದು ಚಮಚ ತುಪ್ಪ ಮತ್ತು ಹಾಲಿನ ಕೆನೆ ಕೇವಲ ರುಚಿಗಾಗಿ ಅಲ್ಲ ಎಂಬುದನ್ನು ಗೃಹಿಣಿಯರು ಗಮನಿಸಬೇಕು.

ಪೇರಲ ಹಣ್ಣಿನಲ್ಲಿ ಸಿ ಜೀವಸತ್ವ ಅತಿ ಹೆಚ್ಚು. ಭಾರತೀಯ ಆಹಾರ ಕೋಷ್ಟಕಗಳಲ್ಲಿ 100 ಗ್ರಾಂ ಪೇರಲಕ್ಕೆ 212 ಮಿಲಿಗ್ರಾಂ, ಅಷ್ಟೇ ತೂಕದ ಕಿತ್ತಳೆಗೆ 30 ಮಿಲಿಗ್ರಾಂ ಎಂದು ಬಹುಕಾಲ ಮುದ್ರಿತವಾಗಿದೆ. ಆದರೆ ಈ ಜೀವಸತ್ವದ ಸ್ವಭಾವ ಕ್ಯಾರೋಟಿನ್‌ಗೆ ವಿರುದ್ಧ. ಇದು ಬಿಸಿಗೆ ನಾಶವಾಗುತ್ತದೆ. ಆದ್ದರಿಂದ ಕುಂಬಳವನ್ನು ಚೆನ್ನಾಗಿ ಬೇಯಿಸುವುದು, ಪೇರಲವನ್ನು ಬೇಯಿಸದೆ ಕೊನೆಗೆ ಹಾಕುವುದು ರುಚಿಗೂ ಆರೋಗ್ಯಕ್ಕೂ ಸರಿಹೊಂದುವ ಕ್ರಮ.

ಆರು ತಿಂಗಳು ತುಂಬಿ ಮೇಲಾಹಾರ ಆರಂಭಿಸಿದ ಮಗುವಿಗೆ ಉಪ್ಪು, ಮೆಣಸು ಹಾಕುವ ಮೊದಲೇ ಮೂಲ ರುಬ್ಬನ್ನು ಸ್ವಲ್ಪ ತೆಗೆದಿಟ್ಟು, ಎರಡು ಹನಿ ತುಪ್ಪ ಹಾಕಿ ಗಟ್ಟಿಯಾಗಿಯೇ ತಿನ್ನಿಸಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಸೇರಿಸಬಾರದು. ಹಲ್ಲಿಲ್ಲದ ವೃದ್ಧರಿಗೂ, ಜ್ವರದಿಂದ ಎದ್ದವರಿಗೂ ಈ ಸೂಪು ಹಿತಕರ. ಮಧುಮೇಹ ಉಳ್ಳವರು ಗೆಣಸನ್ನು ಕಡಿಮೆ ಮಾಡಿ, ಬಟ್ಟಲಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ನಿರ್ಧರಿಸಬೇಕು. ಮಕ್ಕಳ ಕುರುಡುತನ ತಡೆಯಲು ಸರಕಾರವು 1970ರಲ್ಲಿ ಎ ಜೀವಸತ್ವ ಕುಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಮನೆಯಲ್ಲಿ ಸೂಪು ಮಾಡುತ್ತೇವೆಂದು ಆ ಔಷಧಿಯನ್ನು ತಪ್ಪಿಸಬಾರದು. ಎರಡೂ ಬೇಕು.

ಉಳಿದದ್ದನ್ನು ಇಡುವ ಕ್ರಮ

ಹಾಲು ಮತ್ತು ಹಣ್ಣು ಬೆರೆಸಿದ ಸೂಪನ್ನು ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಮತ್ತೆ ಬಿಸಿ ಮಾಡಿದರೆ ಒಡೆಯುತ್ತದೆ, ಮಾಡದಿದ್ದರೆ ಹಳಸುತ್ತದೆ. ಆದ್ದರಿಂದ ಬೇಕಾದಷ್ಟನ್ನು ಮಾತ್ರ ಕೂಡಿಸಿ, ಮೂಲ ರುಬ್ಬನ್ನು ಬೇರೆಯಾಗಿ ತೆಗೆದಿಡಬೇಕು. ದೊಡ್ಡ ಕಾಯಿ ಒಡೆದ ದಿನವೇ ಎಲ್ಲ ತಿರುಳನ್ನೂ ಬೇಯಿಸಿ ರುಬ್ಬು ಮಾಡುವುದೇ ಹೋಳು ಕೊಳೆಯುವ ಸಮಸ್ಯೆಗೆ ಸರಿಯಾದ ಪರಿಹಾರ. ಶೀತಕಪೆಟ್ಟಿಗೆ ಇರುವ ಮನೆಗಳಲ್ಲಿ ಅಗಲ ಪಾತ್ರೆಯಲ್ಲಿ ಬೇಗ ಆರಿಸಿ ಒಳಗಿಟ್ಟರೆ ಈ ರುಬ್ಬು ಎರಡು ಮೂರು ದಿನ ಇರುತ್ತದೆ. ಶೀತಕಪೆಟ್ಟಿಗೆ ಇಲ್ಲದವರು ಬೆಳಿಗ್ಗೆ ಸೂಪು ಮಾಡಿ, ಉಳಿದ ರುಬ್ಬಿಗೆ ಗೋದಿ ಹಿಟ್ಟು ಕಲಸಿ ಅಂದೇ ಚಪಾತಿಗೆ ಅಥವಾ ಬೆಲ್ಲ ಸೇರಿಸಿ ಗಾರಿಗೆಗೆ ಉಪಯೋಗಿಸಬೇಕು. ಚಪಾತಿ, ಗಾರಿಗೆಗಾಗಿ ತೆಗೆದಿಡುವ ಭಾಗಕ್ಕೆ ಉಳಿದ ನೀರು ಸೇರಿಸಬಾರದು.

ಬೀಜಗಳನ್ನೂ ಎಸೆಯಬಾರದು. ತೊಳೆದು, ಬಿಸಿಲಿಗೆ ಒಣಗಿಸಿ, ಹುರಿದು, ಸುಲಿದು ಸೂಪಿನ ಮೇಲೆ ಉದುರಿಸಿದರೆ ಮಕ್ಕಳಿಗೆ ಇಷ್ಟವಾಗುತ್ತದೆ. ಕಹಿಯಿಲ್ಲದ ಕಾಯಿಯ ಸಿಪ್ಪೆ ದನಗಳಿಗೆ ಒಳ್ಳೆಯ ಹಸಿ ಮೇವು.

ನೆನಪಿಡಬೇಕಾದ ಅಂಶಗಳು

1. ಬಲಿತ ಕಾಯಿಯನ್ನೇ ಆರಿಸಬೇಕು. ಗಾಯವಾದ ಕಾಯಿಯನ್ನು ಮೊದಲು ಬಳಸಬೇಕು.
2. ಹಸಿ ತಿರುಳಿನ ರುಚಿ ನೋಡಬೇಕು. ಕಹಿಯಿದ್ದರೆ ಇಡೀ ಕಾಯಿಯನ್ನು ಹೂಳಬೇಕು.
3. ಕಡಿಮೆ ನೀರಿನಲ್ಲಿ, ಮುಚ್ಚಳ ಮುಚ್ಚಿ, ಜಿಡ್ಡಿನೊಂದಿಗೆ ಬೇಯಿಸಬೇಕು.
4. ಮೊದಲು ರುಬ್ಬು, ನಂತರ ಹಾಲು, ಕೊನೆಗೆ ಹಣ್ಣು. ಆಮೇಲೆ ಕುದಿಸಕೂಡದು.
5. ರುಬ್ಬನ್ನು ಬೇರೆ ಇಟ್ಟು, ಉಣ್ಣುವ ಹೊತ್ತಿಗೆ ಬೇಕಾದಷ್ಟನ್ನೇ ಕೂಡಿಸಬೇಕು.

ಮೊದಲ ಸಲ ಮಾಡುವವರು ಇಡೀ ಅಳತೆಗೆ ಕೈಹಾಕದೆ ಒಂದು ಬಟ್ಟಲಿನಷ್ಟನ್ನು ಕೂಡಿಸಿ ನೋಡುವುದು ಒಳಿತು. ತಮ್ಮ ಹೊಲದ ಕಾಯಿಗೆ ಎಷ್ಟು ಗೆಣಸು, ಎಷ್ಟು ಹಣ್ಣು ಸರಿಹೊಂದುತ್ತದೆಂಬುದು ಎರಡು ಮೂರು ಸಲ ಮಾಡುವಷ್ಟರಲ್ಲಿ ತಿಳಿದುಬರುತ್ತದೆ. ಪೇಟೆಯಲ್ಲಿ ಬೆಲೆ ಸಿಗದ ಕಾಯಿಯೂ ಹೀಗೆ ಮನೆಯ ಮಕ್ಕಳ ಬಟ್ಟಲಿಗೆ ಬಂದರೆ ಅದು ನಷ್ಟದ ಲೆಕ್ಕಕ್ಕೆ ಸೇರುವುದಿಲ್ಲ.